ಹಳೆಯ ಸಿ.ಎನ್.ಸಿ. ಮಿಲ್ಲಿಂಗ್ ಯಂತ್ರಕ್ಕೆ ಮರುಜೀವ

ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಚಲ ಸೂಕ್ಷ್ಮದರ್ಶಕವನ್ನು ಬಳಸಿದ ಪ್ರತಿ ವಿದ್ಯಾರ್ಥಿಗೂ ಅಧ್ಯಾಪಕರು ಒಂದು ಎಚ್ಚರಿಕೆ ಕೊಟ್ಟಿರುತ್ತಾರೆ: “ತಿರುಪನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸಿ ಅಳತೆ ತೆಗೆದುಕೊಳ್ಳಿ.” ತಿರುಪಿನ ಎಳೆಗೂ ನಟ್ಟಿನ ಎಳೆಗೂ ನಡುವೆ ಸ್ವಲ್ಪ ಸಂದು ಇರುತ್ತದೆ. ದಿಕ್ಕು ಬದಲಿಸಿದಾಗ ತಿರುಪು ಆ ಸಂದನ್ನು ದಾಟುವವರೆಗೆ ತಿರುಗುತ್ತದೆ, ಆದರೆ ಸೂಕ್ಷ್ಮದರ್ಶಕ ಕದಲುವುದಿಲ್ಲ. ಇದೇ ಬ್ಯಾಕ್‌ಲ್ಯಾಷ್ ದೋಷ.

ಟನ್ನುಗಟ್ಟಲೆ ತೂಗುವ, ಲಕ್ಷಾಂತರ ರೂಪಾಯಿ ಬೆಲೆಬಾಳುವ ಗಣಕ ನಿಯಂತ್ರಿತ ಮಿಲ್ಲಿಂಗ್ ಯಂತ್ರ ಹಳೆಯದಾದಾಗ ಅದನ್ನು ಉಳಿಸಬೇಕೋ ಗುಜರಿಗೆ ಹಾಕಬೇಕೋ ಎಂಬುದನ್ನು ನಿರ್ಧರಿಸುವಲ್ಲಿ ಈ ಸಂದಿನ ಪಾತ್ರ ದೊಡ್ಡದು. ಆದರೆ ಸಾಮಾನ್ಯವಾಗಿ ಈ ತೀರ್ಮಾನ ಆಗುವುದು ಬೇರೆ ಕಾರಣಕ್ಕೆ. “ಕಂಪ್ಯೂಟರ್ ಆನ್ ಆಗುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ” ಎಂಬ ಮಾತಿನೊಂದಿಗೆ ಯಂತ್ರಕ್ಕೆ ಟಾರ್ಪಾಲು ಹೊದಿಸುತ್ತಾರೆ. ಕೆಲವು ವರ್ಷಗಳ ನಂತರ ಅದು ಕಿಲೋ ಲೆಕ್ಕದಲ್ಲಿ ಹರಾಜಾಗುತ್ತದೆ. ಕೆಟ್ಟದ್ದು ನಿಯಂತ್ರಕ ಪೆಟ್ಟಿಗೆ, ತೂಕಕ್ಕೆ ಹೋದದ್ದು ನಿಖರವಾಗಿ ಹೆರೆದು ತಯಾರಿಸಿದ ಬೀಡು ಕಬ್ಬಿಣದ ಒಡಲು!

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಓದುಗರಿಗೆ ಈ ವಿಷಯ ದೂರದ್ದಲ್ಲ. ಕೊಳವೆಬಾವಿಯ ಪಂಪು ಬಿಚ್ಚಿ ಸರಿಮಾಡುವ, ಲೇತಿನಲ್ಲಿ ಶಾಫ್ಟ್ ತಿರುವುವ ಕುಶಲಕರ್ಮಿಗಳು ಇಲ್ಲಿನ ಊರುಗಳಲ್ಲಿದ್ದಾರೆ. ತುಮಕೂರಿನ ಉತ್ತರಕ್ಕೆ ವಸಂತನರಸಾಪುರದಲ್ಲಿ ಸುಮಾರು 530 ಎಕರೆಯ ಮೆಷಿನ್ ಟೂಲ್ ಪಾರ್ಕ್ ರೂಪುಗೊಂಡಿದೆ. ಅಲ್ಲಿಗೆ ಕೆಲಸಕ್ಕೆ ಹೋಗಬಯಸುವ ವಿದ್ಯಾರ್ಥಿಗೆ ಪರದೆಯ ಮೇಲಿನ ಚಿತ್ರ ಸಾಲದು, ಕೈಯಿಂದ ಬಿಚ್ಚಿ ನೋಡಬಹುದಾದ ಯಂತ್ರವೊಂದು ಬೇಕು. 2022ರ ಜೂನ್‌ನಲ್ಲಿ ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳು ಉನ್ನತೀಕರಣಗೊಂಡು ತಂತ್ರಜ್ಞಾನ ಕೇಂದ್ರಗಳಾಗಿ ಉದ್ಘಾಟನೆಯಾದವು. ಹೊಸ ಯಂತ್ರ ಬಂದ ಮೇಲೆ ಹಳೆಯದನ್ನು ಏನು ಮಾಡಬೇಕು ಎಂಬ ಪ್ರಶ್ನೆ ಯಾವ ಸಂಸ್ಥೆಗೂ ಬರುವಂಥದೇ.

ಮೊದಲನೆಯದೇ ಮಾರ್ಪಡಿಸಿದ ಯಂತ್ರ

ಸಂಖ್ಯೆಗಳ ಆಜ್ಞೆಯಂತೆ ಚಲಿಸುವ ಮೊದಲ ಮಿಲ್ಲಿಂಗ್ ಯಂತ್ರವನ್ನು 1952ರಲ್ಲಿ ಅಮೆರಿಕದ ಮಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಸರ್ವೊಮೆಕ್ಯಾನಿಸಂ ಪ್ರಯೋಗಾಲಯ ಪ್ರದರ್ಶಿಸಿತು. ಇದರ ಮೂಲ ಕಲ್ಪನೆ ಹೆಲಿಕಾಪ್ಟರ್ ರೆಕ್ಕೆಗಳನ್ನು ತಯಾರಿಸುತ್ತಿದ್ದ ಜಾನ್ ಪಾರ್ಸನ್ಸ್ ಅವರದು. ಪ್ರಯೋಗಾಲಯದವರು ಅದಕ್ಕಾಗಿ ಹೊಸ ಯಂತ್ರ ಕಟ್ಟಲಿಲ್ಲ. ಆಗಲೇ ಇದ್ದ ಸಿನ್‌ಸಿನಾಟಿ ಹೈಡ್ರೊಟೆಲ್ ಎಂಬ ಮಿಲ್ಲಿಂಗ್ ಯಂತ್ರವನ್ನು ತಂದು, ಅದರ ಮೂರು ಅಕ್ಷಗಳಿಗೂ ಸರ್ವೊ ವ್ಯವಸ್ಥೆ ಜೋಡಿಸಿ, ರಂಧ್ರ ಕೊರೆದ ಟೇಪಿನಿಂದ ಆಜ್ಞೆ ಕೊಟ್ಟರು. ನೂರಾರು ನಿರ್ವಾತ ನಳಿಕೆಗಳಿದ್ದ ಆ ನಿಯಂತ್ರಕ ಯಂತ್ರಕ್ಕಿಂತ ಹೆಚ್ಚು ಜಾಗ ಹಿಡಿದಿತ್ತು. ಹಳೆಯ ಒಡಲಿಗೆ ಹೊಸ ಮಿದುಳು ಜೋಡಿಸುವುದು ಈ ತಂತ್ರಜ್ಞಾನದ ಹುಟ್ಟಿನಿಂದಲೇ ಬಂದ ಕ್ರಮ ಎಂದಾಯಿತು.

ಕರ್ನಾಟಕದಲ್ಲಿ ಯಂತ್ರೋಪಕರಣಗಳ ತಯಾರಿಕೆ ಬೇರೂರಿದ್ದು ಎಚ್.ಎಂ.ಟಿ.ಯಿಂದ. ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ಕಂಪನಿಯ ಸಹಯೋಗದೊಂದಿಗೆ 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಅದು ಆರಂಭವಾಯಿತು. 1962ರಲ್ಲಿ ಇದೇ ಕ್ಷೇತ್ರದ ಸಂಶೋಧನೆಗೆಂದು ಬೆಂಗಳೂರಿನಲ್ಲೇ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಸ್ಥಾಪನೆಯಾಯಿತು, ಅದರ ಈಗಿನ ಹೆಸರು ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿ.ಎಂ.ಟಿ.ಐ.). ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ಹಳೆಯ ಸಿ.ಎನ್.ಸಿ. ಯಂತ್ರಗಳಿಗೆ ಹೊಸ ನಿಯಂತ್ರಕ ಕೂರಿಸುವುದನ್ನೇ ವೃತ್ತಿ ಮಾಡಿಕೊಂಡವರಿದ್ದಾರೆ. ಈ ಕೆಲಸಕ್ಕೆ ಅವರು ಹೇಳುವ ಹೆಸರು ‘ರೆಟ್ರೊಫಿಟ್’.

ಎರಡು ವಯಸ್ಸುಗಳು

ಸಿ.ಎನ್.ಸಿ. ಯಂತ್ರವನ್ನು ಮನುಷ್ಯ ದೇಹಕ್ಕೆ ಹೋಲಿಸೋಣ. ಬೀಡು ಕಬ್ಬಿಣದ ಒಡಲು, ಮೇಜು ಜಾರುವ ಸ್ಲೈಡುಗಳು, ಚಲನೆ ಕೊಡುವ ಬಾಲ್ ಸ್ಕ್ರೂ, ಕಟರ್ ಹಿಡಿಯುವ ಸ್ಪಿಂಡಲ್ ಇವು ಮೂಳೆ ಮತ್ತು ಕೀಲುಗಳು. ಮೋಟಾರುಗಳು ಸ್ನಾಯುಗಳು. ಸ್ಥಾನವನ್ನು ತಿಳಿಸುವ ಎನ್‌ಕೋಡರ್, ಲಿಮಿಟ್ ಸ್ವಿಚ್, ತಂತಿಗಳು ನರಗಳು. ನಿಯಂತ್ರಕ ಮಿದುಳು.

ಮೂಳೆಯ ವಯಸ್ಸು ಬೇರೆ, ಮಿದುಳಿನ ವಯಸ್ಸು ಬೇರೆ. ಬೀಡು ಕಬ್ಬಿಣದಲ್ಲಿ ಇಂಗಾಲವು ಗ್ರಾಫೈಟ್ ಪದರಗಳಾಗಿ ಹರಡಿಕೊಂಡಿರುತ್ತದೆ. ಈ ಪದರಗಳು ಕಂಪನದ ಶಕ್ತಿಯನ್ನು ಹೀರಿಕೊಳ್ಳುತ್ತವೆ. ಎರಕದೊಳಗಿನ ಒತ್ತಡಗಳು ವರ್ಷಗಳು ಕಳೆದಂತೆ ಸಡಿಲಗೊಂಡು ಒಡಲು ಸ್ಥಿರವಾಗುತ್ತದೆ. ಎಣ್ಣೆ ಕಂಡ ಸ್ಲೈಡು ದಶಕಗಳ ಕಾಲ ಬಾಳುತ್ತದೆ.

ನಿಯಂತ್ರಕದ ಕಥೆ ಬೇರೆ. ಅದರಲ್ಲಿನ ಎಲೆಕ್ಟ್ರೊಲೈಟಿಕ್ ಧಾರಕಗಳೊಳಗೆ ದ್ರವವಿರುತ್ತದೆ. ಅದು ನಿಧಾನವಾಗಿ ಆವಿಯಾಗಿ ಹೊರಹೋಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಾದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಸೂತ್ರ. 105 ಡಿಗ್ರಿಯಲ್ಲಿ 2000 ಗಂಟೆ ಬಾಳುವ ಧಾರಕ 55 ಡಿಗ್ರಿಯಲ್ಲಿ 64,000 ಗಂಟೆ, 65 ಡಿಗ್ರಿಯಲ್ಲಿ 32,000 ಗಂಟೆ ಬಾಳಬಹುದು. ವರ್ಷಕ್ಕೆ 2000 ಗಂಟೆ ಕೆಲಸವೆಂದರೆ ಕ್ರಮವಾಗಿ 32 ವರ್ಷ ಮತ್ತು 16 ವರ್ಷ. ಪಾವಗಡದ ಬೇಸಿಗೆಯಲ್ಲಿ ಗಾಳಿ ಆಡದ ನಿಯಂತ್ರಕ ಪೆಟ್ಟಿಗೆಯೊಳಗೆ ಈ 10 ಡಿಗ್ರಿಯ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಪೆಟ್ಟಿಗೆಯ ಫ್ಯಾನಿನ ಜಾಲರಿಯನ್ನು ಸ್ವಚ್ಛವಾಗಿಡುವುದೇ ಆಯುಸ್ಸನ್ನು ಇಮ್ಮಡಿಸುವ ಉಪಾಯ!

ಇನ್ನೊಂದು ದುರ್ಬಲ ಅಂಗ ಬ್ಯಾಟರಿ. ಹಳೆಯ ನಿಯಂತ್ರಕಗಳಲ್ಲಿ ಯಂತ್ರದ ಸ್ವಭಾವವನ್ನು ವಿವರಿಸುವ ಸಂಖ್ಯೆಗಳು (ಪ್ಯಾರಾಮೀಟರ್‌ಗಳು) ಬ್ಯಾಟರಿಯ ಆಸರೆಯಲ್ಲಿರುವ ಸ್ಮೃತಿಯಲ್ಲಿರುತ್ತವೆ. ಬ್ಯಾಟರಿ ಸತ್ತರೆ ಸಂಖ್ಯೆಗಳೂ ಅಳಿಸಿಹೋಗುತ್ತವೆ. ಆರೋಗ್ಯವಾಗಿದ್ದ ಯಂತ್ರ ರಜೆ ಮುಗಿದು ಬಾಗಿಲು ತೆರೆಯುವಷ್ಟರಲ್ಲಿ ‘ಕೆಟ್ಟಿರುವುದಕ್ಕೆ’ ಇದೂ ಒಂದು ಕಾರಣ. ಆದ್ದರಿಂದ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಮೊದಲ ಕೆಲಸ, ಎಲ್ಲ ಪ್ಯಾರಾಮೀಟರ್‌ಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಅಥವಾ ಪರದೆಯ ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು. ಬ್ಯಾಟರಿಯನ್ನು ತಯಾರಕರ ಕೈಪಿಡಿ ಹೇಳಿದ ಕ್ರಮದಲ್ಲೇ ಬದಲಿಸಬೇಕು. ವಿದ್ಯುತ್ ಇರುವಾಗಲೇ ಬದಲಿಸಬೇಕಾದ ನಿಯಂತ್ರಕಗಳು ಹಲವು.

ಮೊದಲು ಅಳೆಯಿರಿ

ಹಣ ಖರ್ಚು ಮಾಡುವ ಮೊದಲು ಮೂಳೆ ಗಟ್ಟಿಯಿದೆಯೇ ಎಂದು ನೋಡಬೇಕು. ಇದಕ್ಕೆ ಬೇಕಾದದ್ದು 0.01 ಮಿ.ಮೀ. ಅಳೆಯಬಲ್ಲ ಡಯಲ್ ಗೇಜ್ ಮತ್ತು ಅದನ್ನು ಹಿಡಿಯುವ ಕಾಂತೀಯ ಸ್ಟ್ಯಾಂಡ್.

ಮೇಜನ್ನು ಬಲಕ್ಕೆ ಕೆಲವು ಮಿ.ಮೀ. ಸರಿಸಿ ನಿಲ್ಲಿಸಿ, ಡಯಲ್ ಗೇಜನ್ನು ಸೊನ್ನೆಗೆ ಹೊಂದಿಸಿ. ಮತ್ತೆ ಬಲಕ್ಕೆ 0.10 ಮಿ.ಮೀ. ಸರಿಸಿ. ಗೇಜ್ 0.10 ತೋರಿಸಬೇಕು. ಈಗ ಎಡಕ್ಕೆ 0.10 ಸರಿಸಿ. ಗೇಜ್ ಸೊನ್ನೆಗೆ ಮರಳದೆ 0.06ರಲ್ಲಿ ನಿಂತಿತೆನ್ನೋಣ. ಆಗ ಕಳೆದುಹೋದ ಚಲನೆ 0.06 ಮಿ.ಮೀ. ನಿಯಂತ್ರಕ ಸತ್ತಿದ್ದರೂ ತೊಂದರೆಯಿಲ್ಲ; ವಿದ್ಯುತ್ ಸಂಪರ್ಕ ತೆಗೆದು ತಿರುಪನ್ನು ಕೈಯಿಂದ ತಿರುಗಿಸಿ ಈ ಅಳತೆ ಮಾಡಬಹುದು. ಮೇಜಿನ ಎರಡು ತುದಿಗಳಲ್ಲೂ ನಡುವಿನಲ್ಲೂ ಅಳೆಯಿರಿ. ಹೆಚ್ಚು ಕೆಲಸ ನಡೆಯುವುದು ನಡುಭಾಗದಲ್ಲಾದ್ದರಿಂದ ಸವೆತ ಅಲ್ಲೇ ಜಾಸ್ತಿ.

ಈ ಸಂದು ಎಲ್ಲಿದೆ? ಬಾಲ್ ಸ್ಕ್ರೂವಿನ ತುದಿಯಲ್ಲಿರುವ ಕೇಂದ್ರ ಕುಳಿಗೆ ಸ್ವಲ್ಪ ಗ್ರೀಸ್ ಹಚ್ಚಿ ಒಂದು ಉಕ್ಕಿನ ಗುಂಡು ಕೂರಿಸಿ, ಅದರ ಮೇಲೆ ಡಯಲ್ ಗೇಜಿನ ಮುಳ್ಳು ತಾಗಿಸಿ. ದಿಕ್ಕು ಬದಲಿಸುವಾಗ ಸ್ಕ್ರೂ ತಾನೇ ಮುಂದೆ ಹಿಂದೆ ಸರಿದರೆ ದೋಷ ಅದನ್ನು ಹಿಡಿದಿರುವ ಬೇರಿಂಗಿನದು. ಬೇರಿಂಗ್ ಬದಲಿಸಿದರೆ ಸಾಕು. ಸ್ಕ್ರೂ ಕದಲದೆ ಮೇಜು ಮಾತ್ರ ತಡವಾಗಿ ಹೊರಟರೆ ನಟ್ಟನ್ನೂ ಅದರ ಜೋಡಣೆಯನ್ನೂ ನೋಡಬೇಕು. ಎರಡಕ್ಕೂ ತಗಲುವ ಖರ್ಚಿನಲ್ಲಿ ಬಹಳ ಅಂತರವಿದೆ. ಒಂದು ಉಕ್ಕಿನ ಗುಂಡು ಅದನ್ನು ಉಳಿಸಿಕೊಡಬಹುದು!

“ಬ್ಯಾಕ್‌ಲ್ಯಾಷನ್ನು ಸಾಫ್ಟ್‌ವೇರಿನಲ್ಲೇ ಸರಿಪಡಿಸಬಹುದಲ್ಲ?” ಎಂದು ನೀವು ಕೇಳಬಹುದು. ದಿಕ್ಕು ಬದಲಾದಾಗ 0.06 ಮಿ.ಮೀ. ಹೆಚ್ಚು ತಿರುಗು ಎಂದು ಆಜ್ಞೆ ಕೊಡಬಹುದು, ನಿಜ. ಆದರೆ ಸಂದು ಅಲ್ಲೇ ಇರುತ್ತದೆ. ಕಟರಿನ ಹಲ್ಲು ಮೇಜನ್ನು ತನ್ನತ್ತ ಎಳೆದುಕೊಳ್ಳುವ ಬಗೆಯ ಕಡಿತದಲ್ಲಿ (ಕ್ಲೈಂಬ್ ಮಿಲ್ಲಿಂಗ್) ಮೇಜು ಆ ಸಂದಿನಷ್ಟು ದೂರ ಫಕ್ಕನೆ ಜಿಗಿಯುತ್ತದೆ, ಕಟರ್ ಮುರಿಯುತ್ತದೆ. ಸಾಫ್ಟ್‌ವೇರ್ ಸ್ಥಾನವನ್ನು ತಿದ್ದಬಲ್ಲದು, ಬಲವನ್ನು ತಡೆಯಲಾರದು.

ಸ್ಲೈಡಿನ ಸಪಾಟನ್ನು ನೋಡಲು ಹಳೆಯ ವಿಧಾನವೇ ಉತ್ತಮ. ಸಪಾಟಾದ ಉಲ್ಲೇಖ ಪಟ್ಟಿಗೆ ಪ್ರಷ್ಯನ್ ನೀಲಿಯನ್ನು ತೆಳುವಾಗಿ ಸವರಿ ಸ್ಲೈಡಿನ ಮೇಲೆ ಉಜ್ಜಿದರೆ ಎತ್ತರದ ಬಿಂದುಗಳಿಗೆ ಮಾತ್ರ ಬಣ್ಣ ಅಂಟುತ್ತದೆ. ನುರಿತವರು ಆ ಬಿಂದುಗಳನ್ನು ಕೈ ಉಳಿಯಿಂದ ಹೆರೆದು ಮಟ್ಟ ಮಾಡುತ್ತಾರೆ. ಮೂಲ ಹೆರೆತದ ಅರ್ಧಚಂದ್ರಾಕಾರದ ಗುರುತುಗಳು ಇನ್ನೂ ಕಾಣುತ್ತಿದ್ದರೆ ಸಂತೋಷಪಡಿ. ಸವೆತ ಅಷ್ಟಾಗಿಲ್ಲ ಎಂದರ್ಥ. ಆ ಗುಳಿಗಳು ಎಣ್ಣೆಯನ್ನೂ ಹಿಡಿದಿಡುತ್ತವೆ.

ಧೂಳು ಎಂಬ ಶತ್ರು

ನಮ್ಮ ಭಾಗದ ಬೆಟ್ಟಗುಡ್ಡಗಳು ಗ್ರಾನೈಟ್ ಜಾತಿಯವು. ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ನೋಡಿ. ಈ ಬಂಡೆಗಳ ಧೂಳಿನಲ್ಲಿರುವ ಕ್ವಾರ್ಟ್ಸಿನ ಗಡಸುತನ ಮೋಸ್ ಮಾಪಕದಲ್ಲಿ 7, ಫೆಲ್ಡ್‌ಸ್ಪಾರಿನದು 6. ಬೀಡು ಕಬ್ಬಿಣ ಇವೆರಡಕ್ಕಿಂತಲೂ ಮೆದು. ಎಣ್ಣೆಯೊಂದಿಗೆ ಬೆರೆತ ಈ ಧೂಳು ಅರೆಯುವ ಲೇಪವಾಗಿಬಿಡುತ್ತದೆ. ಹಾಗಾಗಿ ವರ್ಷಗಟ್ಟಲೆ ನಿಂತ ಯಂತ್ರದ ಮೇಜನ್ನು ಒರೆಸದೆ ಸರಿಸಬಾರದು. ಮೊದಲು ನಿರ್ವಾತ ಕ್ಲೀನರಿನಿಂದ ಧೂಳು ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ನಂತರ ಸ್ಲೈಡಿಗೆಂದೇ ತಯಾರಿಸಿದ ಎಣ್ಣೆ ಬಿಡಬೇಕು. ಸಂಪೀಡಿತ ಗಾಳಿ ಊದಿದರೆ ಧೂಳು ಬೇರಿಂಗಿನೊಳಗೆ ನುಗ್ಗುತ್ತದೆ. ಎಣ್ಣೆ ಸಾಗಿಸುವ ಸಣ್ಣ ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದರ ತುದಿಯಲ್ಲೂ ಎಣ್ಣೆ ಜಿನುಗುವುದನ್ನು ಕಣ್ಣಾರೆ ನೋಡಬೇಕು. ಈ ಒಂದು ದಿನದ ಕೆಲಸಕ್ಕೆ ಸಮನಾದ ಲಾಭ ಬೇರೆ ಯಾವ ದುರಸ್ತಿಯಲ್ಲೂ ಇಲ್ಲ.

ಹೊಸ ಸ್ನಾಯು, ಹೊಸ ನರ

ಮೂಳೆ ಗಟ್ಟಿಯೆಂದು ತಿಳಿದ ಮೇಲೆ ಮೋಟಾರಿನ ವಿಚಾರ. ಎರಡು ದಾರಿಗಳಿವೆ.

ಸ್ಟೆಪ್ಪರ್ ಮೋಟಾರು ಪ್ರತಿ ವಿದ್ಯುತ್ ಸ್ಪಂದಕ್ಕೂ ನಿಗದಿತ ಕೋನದಷ್ಟು ತಿರುಗುತ್ತದೆ. ಸಾಮಾನ್ಯವಾಗಿ ಒಂದು ಸುತ್ತಿಗೆ 200 ಹೆಜ್ಜೆ, ಅಂದರೆ ಹೆಜ್ಜೆಗೆ 1.8 ಡಿಗ್ರಿ. ಪ್ರತಿ ಹೆಜ್ಜೆಯನ್ನು 10 ಭಾಗ ಮಾಡಿದರೆ ಸುತ್ತಿಗೆ 2000 ಸ್ಪಂದ. ಸ್ಕ್ರೂ ಒಂದು ಸುತ್ತಿಗೆ ಮೇಜನ್ನು 5 ಮಿ.ಮೀ. ಸರಿಸಿದರೆ ಒಂದು ಸ್ಪಂದಕ್ಕೆ 0.0025 ಮಿ.ಮೀ. ಅಗ್ಗ, ಸರಳ. ಆದರೆ ವೇಗ ಹೆಚ್ಚಿದಂತೆ ಇದರ ಶಕ್ತಿ ಕುಂದುತ್ತದೆ. ಸುರುಳಿಯ ಪ್ರೇರಕತ್ವದಿಂದಾಗಿ ಪ್ರವಾಹ ಪೂರ್ಣ ಮಟ್ಟಕ್ಕೆ ಏರುವ ಮೊದಲೇ ಮುಂದಿನ ಹೆಜ್ಜೆ ಬಂದಿರುತ್ತದೆ. ಹೊರೆ ಮಿತಿಮೀರಿದರೆ ಹೆಜ್ಜೆ ತಪ್ಪುತ್ತದೆ, ಸಾಮಾನ್ಯ ಸ್ಟೆಪ್ಪರ್ ವ್ಯವಸ್ಥೆಯಲ್ಲಿ ನಿಯಂತ್ರಕಕ್ಕೆ ಅದು ತಿಳಿಯುವುದೇ ಇಲ್ಲ.

ಸರ್ವೊ ಮೋಟಾರಿಗೆ ಎನ್‌ಕೋಡರ್ ಎಂಬ ಕಣ್ಣಿದೆ. ಎಲ್ಲಿರಬೇಕು ಮತ್ತು ಎಲ್ಲಿದೆ ಎಂಬುದರ ವ್ಯತ್ಯಾಸವನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ತಿದ್ದಿಕೊಳ್ಳುತ್ತದೆ. ವ್ಯತ್ಯಾಸ ಮಿತಿ ದಾಟಿದರೆ ಯಂತ್ರ ನಿಲ್ಲುತ್ತದೆ. 2500 ಗೆರೆಯ ಎನ್‌ಕೋಡರ್ ಸುತ್ತಿಗೆ 10,000 ಎಣಿಕೆ ಕೊಡುತ್ತದೆ. ನಮ್ಮ 5 ಮಿ.ಮೀ. ಸ್ಕ್ರೂವಿನಲ್ಲಿ ಎಣಿಕೆಗೆ 0.0005 ಮಿ.ಮೀ. ಹಾಗೆಂದ ಮಾತ್ರಕ್ಕೆ ಯಂತ್ರ ಅಷ್ಟು ನಿಖರವೆಂದು ಭಾವಿಸಬಾರದು. ಕನಿಷ್ಠ ಅಳತೆ ಬೇರೆ, ನಿಖರತೆ ಬೇರೆ ಎಂದು ಸ್ಕ್ರೂಗೇಜ್ ಪಾಠದಲ್ಲೇ ಹೇಳುತ್ತೇವಲ್ಲವೇ? ಮೋಟಾರಿನ ಬೆನ್ನಿಗಿರುವ ಎನ್‌ಕೋಡರಿಗೆ ಮೋಟಾರು ಕಾಣುತ್ತದೆ, ಸವೆದ ನಟ್ಟು ಕಾಣುವುದಿಲ್ಲ.

ಉಷ್ಣ ವ್ಯಾಕೋಚನವೂ ಇದೆ. ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿಗೆ ಸುಮಾರು 0.0000115. 500 ಮಿ.ಮೀ. ಉದ್ದದ ಸ್ಕ್ರೂ 10 ಡಿಗ್ರಿ ಬಿಸಿಯಾದರೆ ಸುಮಾರು 0.058 ಮಿ.ಮೀ. ಉದ್ದವಾಗುತ್ತದೆ. ನಾವು ಹುಡುಕಿ ತೆಗೆದ ಬ್ಯಾಕ್‌ಲ್ಯಾಷಿನಷ್ಟೇ! ಅಳತೆಗಳಿಗೆ 20 ಡಿಗ್ರಿಯನ್ನು ಅಂತಾರಾಷ್ಟ್ರೀಯ ಮಾನಕವಾಗಿ ಒಪ್ಪಿಕೊಂಡಿರುವುದು ಇದಕ್ಕಾಗಿಯೇ. ಶೀಟಿನ ಮಾಡಿನ ಕೊಠಡಿಯಲ್ಲಿ ಬೆಳಗಿನ ಅಳತೆಯನ್ನೂ ಮಧ್ಯಾಹ್ನದ ಅಳತೆಯನ್ನೂ ಹೋಲಿಸಬೇಡಿ.

ನಿಂತಗಂಬದ ಅಕ್ಷದಲ್ಲಿ, ಅಂದರೆ ಸ್ಪಿಂಡಲ್ ತಲೆ ಮೇಲೆ ಕೆಳಗೆ ಚಲಿಸುವ ಕಡೆ, ಒಂದು ಅಪಾಯವಿದೆ. ಬಾಲ್ ಸ್ಕ್ರೂವಿನಲ್ಲಿ ಘರ್ಷಣೆ ಬಹಳ ಕಡಿಮೆ. ದಕ್ಷತೆ ಸುಮಾರು ಶೇ. 90. ಹೀಗಾಗಿ ತಿರುಪು ಮೇಜನ್ನು ತಳ್ಳುವಂತೆಯೇ ಭಾರವೂ ತಿರುಪನ್ನು ತಿರುಗಿಸಬಲ್ಲದು. 80 ಕಿ.ಗ್ರಾಂ. ತಲೆಯ ಭಾರ 784 ನ್ಯೂಟನ್. ಅದನ್ನು ಸುತ್ತಿಗೆ 0.005 ಮೀಟರಿನಿಂದ ಗುಣಿಸಿ 2π (6.283) ಯಿಂದ ಭಾಗಿಸಿದರೆ ಸುಮಾರು 0.62 ನ್ಯೂಟನ್-ಮೀಟರ್ ತಿರುಚುಬಲ. ವಿದ್ಯುತ್ ಹೋದೊಡನೆ ಈ ಬಲ ಮೋಟಾರನ್ನು ಹಿಮ್ಮುಖವಾಗಿ ತಿರುಗಿಸಿ ತಲೆ ಕೆಳಗಿಳಿಯುತ್ತದೆ. ಕಾರ್ಖಾನೆಯವರು ಇದಕ್ಕಾಗಿ ಬ್ರೇಕ್ ಇರುವ ಮೋಟಾರನ್ನೋ ಪ್ರತಿಭಾರವನ್ನೋ ಇಟ್ಟಿರುತ್ತಾರೆ. ಮೋಟಾರು ಬದಲಿಸುವವರು ಇದನ್ನು ಮರೆಯುವಂತಿಲ್ಲ. ವಿದ್ಯುತ್ ಪದೇಪದೇ ಹೋಗುವ ಊರಿನಲ್ಲಂತೂ ಕೈ ಜಜ್ಜಿಹೋಗುವ ಸಂಭವ ನಿಜವಾದದ್ದು. ಮೋಟಾರು ಬಿಚ್ಚುವ ಮುನ್ನ ತಲೆಯ ಕೆಳಗೆ ಗಟ್ಟಿಯಾದ ಮರದ ದಿಮ್ಮಿ ಕೊಡಿ.

ಸ್ಪಿಂಡಲ್ ತಿರುಗಿಸಲು ಮೂರು ಫೇಸಿನ ಪ್ರೇರಣ ಮೋಟಾರು ಮತ್ತು ಆವರ್ತಾಂಕ ಬದಲಿಸುವ ಡ್ರೈವ್ (ವಿ.ಎಫ್.ಡಿ.) ಈಗ ರೂಢಿ. 50 ಹರ್ಟ್ಸ್‌ನಲ್ಲಿ ನಾಲ್ಕು ಧ್ರುವದ ಮೋಟಾರಿನ ಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ. ಆವರ್ತಾಂಕ ಬದಲಿಸಿದರೆ ವೇಗವೂ ಬದಲಾಗುತ್ತದೆ. ಸಣ್ಣ ಯಂತ್ರಗಳಿಗೆ ಸಿಂಗಲ್ ಫೇಸ್ ತೆಗೆದುಕೊಂಡು ಮೂರು ಫೇಸ್ ಕೊಡುವ ಡ್ರೈವ್‌ಗಳಿವೆ. ಒಂದು ಫೇಸ್ ಹೋಗಿ ಪಂಪಿನ ಮೋಟಾರು ಸುಟ್ಟ ಅನುಭವವಿರುವ ನಮ್ಮ ರೈತರಿಗೆ ಇದರ ಬೆಲೆ ವಿವರಿಸಬೇಕಿಲ್ಲ. ಆದರೆ ಅಂಥ ಡ್ರೈವ್ 230 ವೋಲ್ಟ್ ಮಾತ್ರ ಕೊಡುವುದರಿಂದ, ಮೋಟಾರಿನ ಫಲಕದಲ್ಲಿ 230/415 ಎಂದಿದ್ದರೆ ಅದನ್ನು ಸ್ಟಾರ್‌ನಿಂದ ಡೆಲ್ಟಾ ಜೋಡಣೆಗೆ ಬದಲಿಸಬೇಕಾಗುತ್ತದೆ.

ಹೊಸ ಮಿದುಳು

ಮೇಜು ನಿಮಿಷಕ್ಕೆ 3000 ಮಿ.ಮೀ. ವೇಗದಲ್ಲಿ ಓಡಬೇಕೆನ್ನೋಣ. 5 ಮಿ.ಮೀ. ಸ್ಕ್ರೂವಿಗೆ ಅದು ಸೆಕೆಂಡಿಗೆ 10 ಸುತ್ತು. ಸ್ಟೆಪ್ಪರಿಗೆ ಸೆಕೆಂಡಿಗೆ 20,000 ಸ್ಪಂದ. ಅಂದರೆ 50 ಮೈಕ್ರೊಸೆಕೆಂಡಿಗೊಂದು ಸ್ಪಂದ, ತಪ್ಪದೆ ಬರಬೇಕು. ಸಾಧಾರಣ ಕಂಪ್ಯೂಟರ್ ವೇಗವಾಗಿದ್ದರೂ ನಡುವೆ ಬೇರೆ ಕೆಲಸಕ್ಕೆ ಗಮನ ಹರಿಸುತ್ತದೆ. ಆದ್ದರಿಂದ ನಿಗದಿತ ಕ್ಷಣಕ್ಕೆ ಉತ್ತರಿಸುವ ತತ್ಕಾಲ (ರಿಯಲ್ ಟೈಮ್) ವ್ಯವಸ್ಥೆ ಬೇಕು, ಇಲ್ಲವೇ ಸ್ಪಂದಗಳನ್ನು ಹೊರಡಿಸಲು ಪ್ರತ್ಯೇಕ ಕಾರ್ಡ್ ಬೇಕು.

ಶಾಲಾ ಕಾಲೇಜುಗಳಿಗೆ ಒಳ್ಳೆಯ ಆಯ್ಕೆ ಲಿನಕ್ಸ್‌ಸಿ.ಎನ್.ಸಿ. ಇದರ ಮೂಲ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 1990ರ ದಶಕದಲ್ಲಿ ಸಿದ್ಧಪಡಿಸಿದ ತಂತ್ರಾಂಶ. ಅದು ಮುಕ್ತ, ಉಚಿತ. ಕಾರ್ಖಾನೆಗಳಲ್ಲಿ ಬಳಸುವ ಜಿ-ಕೋಡ್ ಭಾಷೆಯನ್ನೇ ಓದುತ್ತದೆ. ‘ಜಿ 1 ಎಕ್ಸ್ 50 ಎಫ್ 200’ ಎಂದರೆ ನಿಮಿಷಕ್ಕೆ 200 ಮಿ.ಮೀ. ವೇಗದಲ್ಲಿ ನೇರ ರೇಖೆಯಲ್ಲಿ 50ನೆಯ ಸ್ಥಾನಕ್ಕೆ ಹೋಗು ಎಂದರ್ಥ. ಇಲ್ಲಿ ಕಲಿತ ವಿದ್ಯಾರ್ಥಿಗೆ ಕಾರ್ಖಾನೆಯ ಯಂತ್ರ ಅಪರಿಚಿತವೆನಿಸದು.

ಸುರಕ್ಷತೆ ಮತ್ತು ಮೊದಲ ಓಟ

230 ವೋಲ್ಟ್ ಸರಬರಾಜನ್ನು ಏಕಮುಖಗೊಳಿಸಿದಾಗ ಧಾರಕದ ಮೇಲೆ ಬರುವುದು ಅದರ ಶಿಖರ ಬೆಲೆ, ಸುಮಾರು 325 ವೋಲ್ಟ್. 1000 ಮೈಕ್ರೊಫ್ಯಾರಡ್ ಧಾರಕದಲ್ಲಿ ಆಗ ಸುಮಾರು 53 ಜೌಲ್ ಶಕ್ತಿಯಿರುತ್ತದೆ. ಸ್ವಿಚ್ ತೆಗೆದ ಮೇಲೂ ಅದು ಉಳಿದಿರಬಹುದು, ಹೃದಯಕ್ಕೆ ಅಪಾಯ ತರಲು ಸಾಕು. ನಿಯಂತ್ರಕ ಪೆಟ್ಟಿಗೆಯನ್ನು ತಿಳಿದವರೇ ತೆರೆಯಬೇಕು; ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿನಿಂದ ಅಳೆದೇ ಮುಟ್ಟಬೇಕು. ತುರ್ತು ನಿಲುಗಡೆಯ ಕೆಂಪು ಗುಂಡಿ ಸಾಫ್ಟ್‌ವೇರನ್ನು ನಂಬಿಕೊಂಡಿರಬಾರದು. ಮೋಟಾರುಗಳ ವಿದ್ಯುತ್ತನ್ನು ಅದು ರಿಲೇ ಮೂಲಕ ನೇರವಾಗಿ ಕಡಿಯಬೇಕು.

ಓಟದ ಕ್ರಮ ಹೀಗಿರಲಿ. ಮೊದಲು ಮೋಟಾರನ್ನು ಸ್ಕ್ರೂವಿಗೆ ಜೋಡಿಸದೆ ತಿರುಗಿಸಿ ದಿಕ್ಕು ನೋಡಿ. ನಂತರ ಜೋಡಿಸಿ ನಿಧಾನವಾಗಿ ಓಡಿಸಿ, ಲಿಮಿಟ್ ಸ್ವಿಚ್‌ಗಳನ್ನು ಪರೀಕ್ಷಿಸಿ. ಆಮೇಲೆ ಕಟರಿಲ್ಲದೆ ಪೂರ್ಣ ಕಾರ್ಯಕ್ರಮ ನಡೆಸಿ. ಬಳಿಕ ಮೇಣ, ಕೊನೆಗೆ ಅಲ್ಯೂಮಿನಿಯಂ. ಅಲ್ಯೂಮಿನಿಯಂನಲ್ಲಿ ಒಂದು ವೃತ್ತ ಕಡಿದು ನೋಡಿ. ಯಾವುದಾದರೂ ಅಕ್ಷದ ಚಲನೆ ದಿಕ್ಕು ಬದಲಿಸುವ ನಾಲ್ಕು ಬಿಂದುಗಳಲ್ಲಿ ಸಣ್ಣ ಮೆಟ್ಟಿಲು ಕಂಡರೆ ಅದು ಉಳಿದಿರುವ ಬ್ಯಾಕ್‌ಲ್ಯಾಷಿನ ಸಹಿ.

ಉಳಿಸಬೇಕೆ, ಮಾರಬೇಕೆ?

ಎಲ್ಲ ಹಳೆಯ ಯಂತ್ರಗಳೂ ಉಳಿಸಲು ಯೋಗ್ಯವಲ್ಲ. ಎರಕದಲ್ಲಿ ಬಿರುಕು ಬಿಟ್ಟಿದ್ದರೆ, ಸ್ಲೈಡುಗಳಲ್ಲಿ ಉಗುರಿಗೆ ತಾಗುವಷ್ಟು ಆಳದ ಗೀರುಗಳಿದ್ದರೆ, ಸ್ಪಿಂಡಲ್ ಮತ್ತು ಬಾಲ್ ಸ್ಕ್ರೂ ಎರಡೂ ಸವೆದಿದ್ದರೆ ಮಾರುವುದೇ ಲೇಸು. ಮೂಳೆ ಸರಿಯಿದ್ದು ಮಿದುಳು, ನರ ಮಾತ್ರ ಕೆಟ್ಟಿದ್ದರೆ ಉಳಿಸುವುದು ಲಾಭ. ಈ ತೀರ್ಮಾನ ಅಳತೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಆಗಬೇಕು. ಸರ್ಕಾರಿ ಸಂಸ್ಥೆಯ ಯಂತ್ರ ದಾಸ್ತಾನು ಪುಸ್ತಕದಲ್ಲಿರುತ್ತದೆ. ಕೈಹಾಕುವ ಮೊದಲು ಲಿಖಿತ ಅನುಮತಿ ಪಡೆಯಿರಿ. ಅನುಪಯುಕ್ತವೆಂದು ಷರಾ ಬರೆಯುವ ಮೊದಲು ಬ್ಯಾಕ್‌ಲ್ಯಾಷ್, ಸ್ಪಿಂಡಲಿನ ಓಲಾಟ, ಸ್ಲೈಡಿನ ಸ್ಥಿತಿ ಈ ಮೂರು ಅಳತೆಗಳನ್ನಾದರೂ ಕಡತಕ್ಕೆ ಸೇರಿಸಿ.

ಮಾಡಿ ನೋಡಿ

ಯಂತ್ರವಿಲ್ಲದ ಶಾಲೆಯಲ್ಲೂ ಈ ಪಾಠ ಸಾಧ್ಯ. ಪ್ರಯೋಗಾಲಯದ ಹಳೆಯ ಚಲ ಸೂಕ್ಷ್ಮದರ್ಶಕವೊಂದನ್ನು ತೆಗೆದುಕೊಳ್ಳಿ. ಕಾಗದದ ಮೇಲಿನ ಒಂದು ಗೆರೆಯನ್ನು ಎಡದಿಂದ ಬಂದು ಹೊಂದಿಸಿ ಅಳತೆ ಬರೆದುಕೊಳ್ಳಿ. ನಂತರ ಬಲದಿಂದ ಬಂದು ಹೊಂದಿಸಿ. ಹತ್ತು ಸಲ ಮಾಡಿ ಸರಾಸರಿ ವ್ಯತ್ಯಾಸ ಕಂಡುಹಿಡಿಯಿರಿ. ತಿರುಪಿನ ಉದ್ದಕ್ಕೂ ಐದು ಕಡೆ ಇದನ್ನು ಮಾಡಿ ಆಲೇಖ ಬರೆಯಿರಿ. ಆಲೇಖ ಎಲ್ಲಿ ಉಬ್ಬಿದೆಯೋ ಅಲ್ಲಿ ತಿರುಪು ಹೆಚ್ಚು ಸವೆದಿದೆ. ಬಳಿಕ ಹತ್ತಿರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್‌ಗೆ ಅನುಮತಿ ಪಡೆದು ಹೋಗಿ, ಡಯಲ್ ಗೇಜಿನಿಂದ ಇದೇ ಆಲೇಖವನ್ನು ಅಲ್ಲಿನ ಯಂತ್ರಕ್ಕೂ ಬರೆಯಬಹುದು. ಅದನ್ನು ಆ ಸಂಸ್ಥೆಗೇ ಕೊಟ್ಟು ಬನ್ನಿ, ಅವರ ಕಡತದಲ್ಲಿರಲಿ.